ಅಕ್ಷರ ಕೊಡಿ, ಉದ್ದದ ಪದ ಹುಡುಕುತ್ತದೆ

ಬಿ, ಸಿ, ಜಿ, ಪಿ, ವೈ. ಈ ಐದೂ ಅಕ್ಷರಗಳಿರುವ ಒಂದು ಇಂಗ್ಲಿಷ್ ಪದ ಹೇಳಬೇಕು. ಅವು ಯಾವ ಕ್ರಮದಲ್ಲಿದ್ದರೂ ಸರಿ, ನಡುವೆ ಬೇರೆ ಅಕ್ಷರ ಎಷ್ಟಿದ್ದರೂ ಸರಿ. ಪದ ಉದ್ದವಾದಷ್ಟೂ ಒಳ್ಳೆಯದು. ದಿನವಿಡೀ ಇಂಗ್ಲಿಷ್ ಬಳಸುವವರೂ ಇದಕ್ಕೆ ತಿಣುಕುತ್ತಾರೆ. ಆದರೆ ಉತ್ತರಗಳಿಗೇನೂ ಬರವಿಲ್ಲ. 15 ಅಕ್ಷರಗಳ ‘ಅನ್‌ಕಾಪಿರೈಟಬಲ್’ ಇದೆ, 17ರ ‘ಬಿಬ್ಲಿಯೋಗ್ರಾಫಿಕಲಿ’ ಇದೆ, 18ರ ‘ಆಟೋಬಯೋಗ್ರಾಫಿಕಲಿ’ ಇದೆ. ಆಟೋಬಯೋಗ್ರಫಿ ಎಂಬ ಪದ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ಬೇಕಾದಾಗ ಬಾಯಿಗೆ ಬರುವುದಿಲ್ಲ.

ನಮ್ಮ ನೆನಪು ಪದಗಳನ್ನು ಮೊದಲಕ್ಷರದಿಂದ ಹಿಡಿಯುತ್ತದೆ, ಒಡಲಿನಿಂದಲ್ಲ. ಮನಶ್ಶಾಸ್ತ್ರಜ್ಞರಾದ ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಕೆ, ಎಲ್, ಎನ್, ಆರ್, ವಿ ಅಕ್ಷರಗಳು ಇಂಗ್ಲಿಷ್ ಪದಗಳ ಮೊದಲಲ್ಲಿ ಹೆಚ್ಚಾಗಿ ಬರುತ್ತವೋ, ಮೂರನೆಯ ಸ್ಥಾನದಲ್ಲೋ ಎಂದು 152 ಜನರನ್ನು ಕೇಳಿದರು. ಐದೂ ಹೆಚ್ಚಾಗಿ ಬರುವುದು ಮೂರನೆಯ ಸ್ಥಾನದಲ್ಲಿ. ಆದರೆ 105 ಜನ, ಐದರಲ್ಲಿ ಹೆಚ್ಚಿನವಕ್ಕೆ ಮೊದಲ ಸ್ಥಾನವನ್ನೇ ಆರಿಸಿದರು. ‘ಆರ್’ನಿಂದ ಶುರುವಾಗುವ ಪದಗಳು ಥಟ್ಟನೆ ಹೊಳೆಯುತ್ತವೆ, ಅದು ಮೂರನೆಯದಾಗಿರುವ ಪದಗಳು ಹೊಳೆಯುವುದಿಲ್ಲ, ಹೊಳೆದದ್ದೇ ಹೆಚ್ಚು ಎಂದು ಮನಸ್ಸು ತೀರ್ಮಾನಿಸುತ್ತದೆ.

ಕಂಪ್ಯೂಟರಿಗೆ ಹೊಳೆಯುವ ಮಾತೇ ಇಲ್ಲ. ಅದಕ್ಕೆ ಬೇಕಾದದ್ದು ಒಂದು ಪದಪಟ್ಟಿ. ಯುನಿಕ್ಸ್ ಬಗೆಯ ಹಲವು ಕಂಪ್ಯೂಟರುಗಳಲ್ಲಿ ಅಂಥ ಪಟ್ಟಿ ಇರುತ್ತದೆ. ಅವುಗಳಲ್ಲಿ ಹೆಸರಾದದ್ದು ವೆಬ್‌ಸ್ಟರ್ ನಿಘಂಟಿನ 1934ರ ಆವೃತ್ತಿಯಿಂದ ತೆಗೆದದ್ದು, ಸುಮಾರು 2.34 ಲಕ್ಷ ಪದಗಳು, ಸಾಲಿಗೊಂದರಂತೆ. ಕೆನ್ ಥಾಂಪ್ಸನ್ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ‘ಗ್ರೆಪ್’ ಎಂಬ ಪುಟ್ಟ ತಂತ್ರಾಂಶ, ಕೇಳಿದ ಅಕ್ಷರವಿರುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಬಿ ಇರುವ ಸಾಲುಗಳು, ಅವುಗಳಲ್ಲಿ ಸಿ ಇರುವವು, ಅವುಗಳಲ್ಲಿ ಜಿ ಇರುವವು ಎಂದು ಐದು ಸಲ ಸೋಸಿದರೆ ಕೆಲಸ ಮುಗಿಯಿತು.

ಇದಕ್ಕಿಂತ ಚೆಂದದ ಉಪಾಯವೂ ಇದೆ. ಪ್ರತಿ ಪದಕ್ಕೂ 26 ಸ್ವಿಚ್‌ಗಳ ಒಂದು ಬೋರ್ಡು ಇದೆ ಎಂದುಕೊಳ್ಳಿ. ಪದದಲ್ಲಿರುವ ಅಕ್ಷರಗಳ ಸ್ವಿಚ್ ಮಾತ್ರ ಆನ್. ಎ ಸ್ವಿಚ್ಚಿಗೆ 1, ಬಿಗೆ 2, ಸಿಗೆ 4, ಡಿಗೆ 8, ಹೀಗೆ ದುಪ್ಪಟ್ಟಾಗುತ್ತ ಬೆಲೆ ಕೊಟ್ಟರೆ ಇಡೀ ಬೋರ್ಡು ಒಂದೇ ಸಂಖ್ಯೆಯಾಗುತ್ತದೆ. ‘ಬ್ಯಾಡ್’ ಎಂಬ ಪದ 2+1+8, ಅಂದರೆ 11. ನಮಗೆ ಬೇಕಾದ ಅಕ್ಷರಗಳಿಗೂ ಇಂಥದೇ ಸಂಖ್ಯೆ ಮಾಡಿ, ಆ ಸ್ವಿಚ್‌ಗಳೆಲ್ಲ ಪದದಲ್ಲೂ ಆನ್ ಆಗಿವೆಯೇ ಎಂದು ನೋಡುವುದು ಪ್ರೊಸೆಸರಿಗೆ ಒಂದೆರಡು ಹೆಜ್ಜೆಯ ಕೆಲಸ. ಪಟ್ಟಿಯನ್ನು ಮೊದಲೇ ಉದ್ದದ ಪದದಿಂದ ಗಿಡ್ಡ ಪದದ ಕಡೆಗೆ ಜೋಡಿಸಿಟ್ಟರೆ, ಮೊದಲು ಸಿಕ್ಕಿದ ಪದವೇ ಉತ್ತರ. ಕೊಟ್ಟ ಅಕ್ಷರಗಳಿಂದಲೇ ಅತಿ ಉದ್ದದ ಪದ ಕಟ್ಟುವುದು ಇದರ ತಿರುವುಮುರುವು ಆಟ. ಬ್ರಿಟನ್ನಿನ ಟಿವಿಯಲ್ಲಿ 1982ರಲ್ಲಿ ಶುರುವಾದ ‘ಕೌಂಟ್‌ಡೌನ್’ ಕಾರ್ಯಕ್ರಮದಲ್ಲಿ ಅದಕ್ಕೆ 30 ಸೆಕೆಂಡು ಕೊಡುತ್ತಾರೆ.

ಸ್ವಿಚ್ಚಿನ ಲೆಕ್ಕಕ್ಕೆ ಒಂದು ಕೊರತೆಯಿದೆ. ಅಕ್ಷರ ಇದೆಯೋ ಇಲ್ಲವೋ ಎಂದಷ್ಟೇ ಅದು ಹೇಳುತ್ತದೆ, ಎಷ್ಟು ಸಲ ಇದೆ ಎಂದು ಹೇಳುವುದಿಲ್ಲ. ಒಂದು ಎ, ಎರಡು ಡಿ ಬೇಕೆಂದು ಕೇಳಿದರೆ ಒಂದೇ ಡಿ ಇರುವ ‘ಬ್ರೆಡ್’ ಕೂಡ ಪಾಸಾಗಿಬಿಡುತ್ತದೆ. ಇಲ್ಲಿ ಅವಿಭಾಜ್ಯ ಸಂಖ್ಯೆಗಳು ಕೈಹಿಡಿಯುತ್ತವೆ, ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಎಗೆ 2, ಬಿಗೆ 3, ಸಿಗೆ 5, ಡಿಗೆ 7 ಎಂದು ಕ್ರಮವಾಗಿ ಅವಿಭಾಜ್ಯಗಳನ್ನು ಹಂಚಿ, ಪದದ ಅಕ್ಷರಗಳನ್ನು ಗುಣಿಸಿ. ಒಂದು ಎ, ಎರಡು ಡಿ ಸೇರಿದರೆ 98. ‘ಲ್ಯಾಡರ್’ ಪದದ ಗುಣಲಬ್ಧ 24,33,046. ಅದನ್ನು 98 ಶೇಷವಿಲ್ಲದೆ ಭಾಗಿಸುತ್ತದೆ. ‘ಬ್ರೆಡ್’ ಪದದ್ದು 28,182. ಅಲ್ಲಿ ಶೇಷ ಉಳಿಯುತ್ತದೆ. ಯಾವುದೇ ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯುವ ದಾರಿ ಒಂದೇ ಎಂಬ ಹಳೆಯ ಪ್ರಮೇಯ ಇಲ್ಲಿ ಪದಬಂಧಕ್ಕೆ ಕೆಲಸ ಮಾಡುತ್ತಿದೆ.

ಉದ್ದದ ಪದಗಳಿಗೆ ಬಂದಾಗ ಇದೂ ಏದುಸಿರು ಬಿಡುತ್ತದೆ. ‘ಅನ್‌ಕಾಪಿರೈಟಬಲ್’ ಪದದ ಗುಣಲಬ್ಧ 64 ಬಿಟ್‌ನ, ಅಂದರೆ 64 ಸ್ವಿಚ್‌ಗಳ, ಸಂಖ್ಯೆಯಲ್ಲಿ ಹಿಡಿಸುವುದಿಲ್ಲ. ಹೆಚ್ಚು ಬಳಕೆಯ ಅಕ್ಷರಗಳಿಗೆ ಸಣ್ಣ ಅವಿಭಾಜ್ಯ ಕೊಟ್ಟರೆ ಗುಣಲಬ್ಧ ಸಾಕಷ್ಟು ಕುಗ್ಗುತ್ತದೆ. ಇಲ್ಲವಾದರೆ ಸ್ವಿಚ್ಚಿನ ಪರೀಕ್ಷೆಯಲ್ಲಿ ಉಳಿದ ಕೆಲವೇ ಪದಗಳಲ್ಲಿ ಅಕ್ಷರಗಳನ್ನು ನೇರವಾಗಿ ಎಣಿಸಿದರಾಯಿತು. ನಿತ್ಯದ ಕೆಲಸಕ್ಕೆ ಅದೇ ಮೇಲು.

ಕನ್ನಡದಲ್ಲೂ ಇದನ್ನು ಮಾಡಬಹುದು, ಆದರೆ ಅಕ್ಷರವನ್ನು ಮೊದಲು ಬಿಡಿಸಿಕೊಳ್ಳಬೇಕು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯುನಿಕೋಡಿನಲ್ಲಿ ಆರು ಸಂಕೇತ, ವ್ಯಾಕರಣದಂತೆ ಸ್, ತ್, ರ್, ಈ ಎಂಬ ನಾಲ್ಕು ವರ್ಣ. ವರ್ಣಗಳಾಗಿ ಬಿಡಿಸಿದರೆ ನಮ್ಮ 49 ವರ್ಣಗಳಿಗೂ 64 ಬಿಟ್‌ನ ಒಂದೇ ಸಂಖ್ಯೆಯಲ್ಲಿ ಜಾಗವಿದೆ. ಪದಪಟ್ಟಿಗೂ ಪರದಾಡಬೇಕಿಲ್ಲ: ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿದೆ. ಪ್ರೋಗ್ರಾಮಿಂಗ್ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಈ ಕೆಲಸವನ್ನು ಅವರಿಗೆ ಕೊಟ್ಟು ನೋಡಿ.