ಕಾಣುವ ದೂಳು, ಕಾಣದ ದೂಳು

ಕಲ್ಲು ಕ್ವಾರಿಯ ಪಕ್ಕದಲ್ಲಿ ಹಾದುಹೋಗುವಾಗ ನಾವೆಲ್ಲ ಮೂಗಿಗೆ ಕರವಸ್ತ್ರ ಹಿಡಿಯುತ್ತೇವೆ. ಕ್ರಷರಿನಿಂದ ಏಳುವ ಬಿಳಿ ಮೋಡ ಕಂಡೊಡನೆ ಕೈ ತಾನಾಗಿಯೇ ಮೇಲೇಳುತ್ತದೆ. ಮೋಡ ಕರಗಿದೊಡನೆ ಕರವಸ್ತ್ರ ಜೇಬು ಸೇರುತ್ತದೆ. ಹಾಗಾದರೆ ಅಪಾಯ ಮುಗಿಯಿತೇ? ಇಲ್ಲ. ಕಣ್ಣಿಗೆ ಕಾಣುವ ದೂಳಿಗಿಂತ ಕಾಣದ ದೂಳೇ ಹೆಚ್ಚು ಅಪಾಯಕಾರಿ ಎನ್ನುತ್ತದೆ ವಿಜ್ಞಾನ.

ಮರಳಿನ ರಾಸಾಯನಿಕ ಹೆಸರೇನು ಎಂಬ ಒಂದು ಅಂಕದ ಪ್ರಶ್ನೆಗೆ ನಮ್ಮ ಮಕ್ಕಳು 'ಸಿಲಿಕಾನ್ ಡೈಆಕ್ಸೈಡ್' ಎಂದು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಕಲ್ಲು ಕೆಲಸಕ್ಕೆ ಹೋಗಿ ಬಂದ ಅಪ್ಪನ ಅಂಗಿಗೆ ಮೆತ್ತಿದ ಪುಡಿಯಲ್ಲೂ ಅದೇ ವಸ್ತು ಇದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಪಾಠ ಪುಸ್ತಕದಲ್ಲೇ ಉಳಿಯುತ್ತದೆ, ಪುಡಿ ಶ್ವಾಸಕೋಶ ಸೇರುತ್ತದೆ.

ಐದು ಗಂಟೆಯ ಲೆಕ್ಕ

ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್. ಕೂದಲಿನಷ್ಟು ದಪ್ಪದ ಕಲ್ಲಿನ ಕಣ ಕೆಲವೇ ಸೆಕೆಂಡುಗಳಲ್ಲಿ ನೆಲಕ್ಕೆ ಬೀಳುತ್ತದೆ. ಮೂಗಿಗೆ ಹೋದರೂ ಅಲ್ಲಿನ ಕೂದಲು, ಲೋಳೆ ಅದನ್ನು ತಡೆಯುತ್ತವೆ. ಆದರೆ ಒಂದು ಮೈಕ್ರಾನಿನ ಕಣ ನಿಶ್ಚಲ ಗಾಳಿಯಲ್ಲಿ ಒಂದೂವರೆ ಮೀಟರ್ ಕೆಳಗಿಳಿಯಲು ಸುಮಾರು 5 ಗಂಟೆ ಬೇಕು! ಮೋಡ ಕರಗಿದ ಮೇಲೂ ಕಾರ್ಮಿಕ ಇದೇ ಗಾಳಿಯನ್ನು ಉಸಿರಾಡುತ್ತಿರುತ್ತಾನೆ.

ಐದು ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೂ ಸಾಗಬಲ್ಲವು. ಅಲ್ಲಿ ಕಾವಲಿರುವ ರಕ್ಷಕ ಜೀವಕೋಶಗಳು ಅವನ್ನು ನುಂಗುತ್ತವೆ. ಸಿಲಿಕಾವನ್ನು ಅರಗಿಸಲಾಗದೆ ತಾವೇ ಸಾಯುತ್ತವೆ. ಸಾಯುವಾಗ ಹೊರಬರುವ ರಾಸಾಯನಿಕಗಳು ಸುತ್ತಲಿನ ಅಂಗಾಂಶವನ್ನು ಕೆರಳಿಸುತ್ತವೆ. ಗಾಯ ಮಾಗಿ ಕಲೆಗಟ್ಟುವಂತೆ ಶ್ವಾಸಕೋಶ ಒಳಗೊಳಗೇ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು ವರ್ಷ ಕೆಲಸ ಮಾಡಿದ ಮೇಲೆ ಇದು ತಲೆದೋರುತ್ತದೆ. ದೂಳು ವಿಪರೀತವಾಗಿದ್ದರೆ ಕೆಲವೇ ವರ್ಷ ಸಾಕು. ಗಡುಸಾದ ಭಾಗವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು.

ಕೋಲಾರದ ಪಾಠ

ನಮ್ಮ ನಾಡಿಗೆ ಈ ರೋಗ ಹೊಸತಲ್ಲ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದ ಕೋಲಾರದ ಚಿನ್ನದ ಗಣಿಗಳಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚು ಎಂದರೆ ಹೆಚ್ಚುಕಡಿಮೆ ಶುದ್ಧ ಸಿಲಿಕಾ. 1940ರ ದಶಕದಲ್ಲಿ ಅಲ್ಲಿನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. 2001ರಲ್ಲಿ ಗಣಿಗಳು ಮುಚ್ಚಿದವು. ಆದರೆ ಗ್ರಾನೈಟ್ ಕೊರೆಯುವವರು, ಜಲ್ಲಿ ಕ್ರಷರಿನವರು, ಟೈಲ್ಸ್ ಕತ್ತರಿಸುವವರು, ಎರಕದ ಕಾರ್ಖಾನೆಯವರು ಇಂದಿಗೂ ಅದೇ ಸಿಲಿಕಾದ ನಡುವೆ ದುಡಿಯುತ್ತಿದ್ದಾರೆ.

'ನಿಮ್ಮ ಕೆಲಸವೇನು?'

ಸಿಲಿಕೋಸಿಸ್ ಆದವರಿಗೆ ಮೊದಲು ಬೆಟ್ಟ ಹತ್ತುವಾಗ, ಮುಂದೆ ಅಂಗಳ ದಾಟುವಾಗಲೂ ಏದುಸಿರು ಬರುತ್ತದೆ. ಕೆಮ್ಮು ಜೊತೆಗೂಡುತ್ತದೆ. ನೋಡಿದವರು 'ಟಿಬಿ ಇರಬೇಕು' ಎನ್ನುತ್ತಾರೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವ ನಿಜಕ್ಕೂ ಹೆಚ್ಚು. ಆದರೆ ಕ್ಷಯವೊಂದನ್ನೇ ಕಂಡು ದೂಳನ್ನು ಮರೆತರೆ ಮಾತ್ರೆ ನುಂಗುತ್ತಲೇ ರೋಗಿ ಮತ್ತೆ ಅದೇ ಕ್ರಷರಿಗೆ ಹೋಗುತ್ತಾನೆ.

ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ ವೃತ್ತಿರೋಗಗಳ ಬಗ್ಗೆ 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವೈದ್ಯರಿಗೆ ಒಂದು ಕಿವಿಮಾತು ಹೇಳಿದ. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ 'ನೀನು ಏನು ಕೆಲಸ ಮಾಡುತ್ತೀ?' ಎಂಬುದನ್ನೂ ಸೇರಿಸಿ ಎಂದ. ಮೂರು ಶತಮಾನ ಕಳೆದರೂ ಜನಜಂಗುಳಿಯ ಆಸ್ಪತ್ರೆಗಳಲ್ಲಿ ಈ ಪ್ರಶ್ನೆ ಎಷ್ಟೋ ಸಲ ಉಳಿದುಹೋಗುತ್ತದೆ. ವೈದ್ಯರು ಕೇಳದಿದ್ದರೆ ರೋಗಿಯೇ ಹೇಳಬೇಕು: 'ಸ್ವಾಮಿ, ನಾನು ಇಷ್ಟು ವರ್ಷ ಕಲ್ಲಿನ ದೂಳಿನಲ್ಲಿ ಕೆಲಸ ಮಾಡಿದ್ದೇನೆ.'

ನೀರೇ ಮೊದಲ ಮದ್ದು

ವಾಸಿಯಾಗದ ಈ ರೋಗವನ್ನು ಪೂರ್ತಿಯಾಗಿ ತಡೆಯಬಹುದು. ಕೊರೆಯುವ ಜಾಗಕ್ಕೆ ನೀರು ಹಾಯಿಸಿದರೆ ಬಹುಪಾಲು ದೂಳು ಗಾಳಿಗೇರುವ ಮೊದಲೇ ಕೆಸರಾಗುತ್ತದೆ. ಯಂತ್ರಕ್ಕೆ ಮುಚ್ಚಳ, ದೂಳು ಹೀರುವ ಫ್ಯಾನು ಎರಡನೆಯ ಉಪಾಯ. ಮುಖವಾಡದ್ದು ಕೊನೆಯ ಸ್ಥಾನ. ಅದೂ ಕೋವಿಡ್ ಕಾಲದಲ್ಲಿ ನಾವೆಲ್ಲ ಕಂಡ ಎನ್-95 ಬಗೆಯದು, ಮುಖಕ್ಕೆ ಬಿಗಿಯಾಗಿ ಕೂರುವಂಥದ್ದು. ಟವೆಲ್ ಸುತ್ತಿಕೊಂಡರೆ ದೊಡ್ಡ ಕಣ ನಿಲ್ಲುತ್ತದೆ, ಕೊಲ್ಲುವ ಕಣ ನಿಲ್ಲುವುದಿಲ್ಲ. ಒಣ ಪೊರಕೆಯಿಂದ ಗುಡಿಸುವುದು, ಗಾಳಿಯ ಪೈಪಿನಿಂದ ಬಟ್ಟೆಯ ಪುಡಿ ಊದುವುದು ಕೂಡದು. ಕೆಲಸದ ಬಟ್ಟೆಯನ್ನು ಅಲ್ಲೇ ಬದಲಿಸಿ ಬಂದರೆ ಮನೆಯ ಮಕ್ಕಳಿಗೂ ಕ್ಷೇಮ.

ಕಾನೂನೂ ಕಾರ್ಮಿಕನ ಕಡೆಗಿದೆ. 1984ರ ಭೋಪಾಲ್ ದುರಂತದ ಬಳಿಕ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಮಾಡಿದ ತಿದ್ದುಪಡಿ ಕೆಲಸದ ಅಪಾಯಗಳ ಮಾಹಿತಿಯನ್ನು ಕಾರ್ಮಿಕನ ಹಕ್ಕಾಗಿಸಿತು. ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ ಈ ಹಕ್ಕನ್ನು ಉಳಿಸಿಕೊಂಡಿದೆ. ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇದೆ. ಆದರೆ ಹಕ್ಕು ಇರುವುದೇ ಗೊತ್ತಿಲ್ಲದವನು ಅದನ್ನು ಕೇಳುವುದೆಂತು?

ವಿದ್ಯಾರ್ಥಿಗಳೇ, ಇಲ್ಲಿಯೇ ನಿಮ್ಮ ಕೆಲಸ ಆರಂಭ. ಕಲ್ಲು, ಎರಕ, ಟೈಲ್ಸ್ ಕೆಲಸದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ ಈ ಲೇಖನ ಓದಿ ಹೇಳಿ. ಎಷ್ಟು ವರ್ಷದಿಂದ ಕೆಲಸ, ಅಲ್ಲಿ ನೀರು ಹಾಯಿಸುತ್ತಾರೆಯೇ, ಎದೆಯ ಎಕ್ಸ್-ರೇ ಕೊನೆಯ ಬಾರಿ ತೆಗೆದದ್ದು ಯಾವಾಗ ಎಂದು ವಿಚಾರಿಸಿ. ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಆಸ್ಪತ್ರೆಗೆ ಹೋಗುವಾಗ ಆ ಚೀಟಿ ಅವರ ಜೇಬಿನಲ್ಲಿರಲಿ.