ಕರುಣರಸವೂ ಸಹೃದಯನ ಚಿತ್ತವೂ

ಲಕ್ಷ್ಮೀಶನ ಜೈಮಿನಿ ಭಾರತದ ಸೀತಾಪರಿತ್ಯಾಗದ ಭಾಗವನ್ನು ಗಮಕಿಗಳು ವಾಚಿಸುವಾಗ ಕಣ್ಣು ತೇವವಾಗದ ಶ್ರೋತೃಗಳು ವಿರಳ. ಅತ್ತವರೇ ಅದನ್ನು ಮತ್ತೊಮ್ಮೆ ಕೇಳಬಯಸುವರು. ದುಃಖವನ್ನು ಯಾರು ತಾನೆ ಬಯಸಿ ಬರಮಾಡಿಕೊಂಡಾರು? ಆದುದರಿಂದ ಕಾವ್ಯದ ಶೋಕವು ಲೋಕದ ಶೋಕವಲ್ಲವೆಂಬುದು ಸ್ಪಷ್ಟ.

ಭಟ್ಟನಾಯಕನು ಇದಕ್ಕೆ ಸಾಧಾರಣೀಕರಣವೇ ಕಾರಣವೆಂದನು. ಅಭಿನವಗುಪ್ತನು ಆ ತತ್ತ್ವವನ್ನು ಅಂಗೀಕರಿಸಿ ಬೆಳೆಸಿದನು. ಲೋಕದಲ್ಲಿ ‘ನನ್ನದು’, ‘ಪರರದು’ ಎಂಬ ಭೇದವು ಭಾವವನ್ನು ಕಟ್ಟಿಹಾಕುವುದು. ಕಾವ್ಯದಲ್ಲಿ ಆ ಗಂಟು ಸಡಿಲುವುದು. ವಾಸನಾರೂಪವಾಗಿದ್ದ ಸ್ಥಾಯಿಭಾವವು ಆಸ್ವಾದ್ಯವಾಗಿ ರಸವೆನಿಸುವುದು. ನಮ್ಮ ತುಮಕೂರು ಸೀಮೆಯವರೇ ಆದ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಈ ವಿಚಾರವನ್ನು ಕನ್ನಡದಲ್ಲಿ ವಿಶದಪಡಿಸಿದೆ.

ಆದಕಾರಣ ಉಪಾಧ್ಯಾಯರು ಪದಾರ್ಥ, ಅಲಂಕಾರಗಳಲ್ಲಿಯೇ ನಿಲ್ಲದೆ ಪದ್ಯವನ್ನು ಮೊದಲು ಭಾವವರಿತು ವಾಚಿಸತಕ್ಕದ್ದು. ಸೀತೆಗಾಗಿ ಮರುಗಿ ಆ ಗಂಟನ್ನು ಒಮ್ಮೆ ಸಡಿಲಿಸಿಕೊಂಡ ವಿದ್ಯಾರ್ಥಿಯು ನೆರೆಮನೆಯ ದುಃಖಕ್ಕೆ ಕಿವುಡಾಗಲಾರನೆಂದು ನಮ್ಮ ನಂಬಿಕೆ.