‘ಟ್ರೆಸ್‌ಪಾಸ್’ ಎಂಬ ಶಬ್ದದ ವಿಚಾರ

ಕೆಲವು ದಿವಸಗಳ ಹಿಂದೆ ನಾವು ಮೊಮ್ಮಗನನ್ನು ಕರೆದುಕೊಂಡು ತುಮಕೂರಿನಿಂದ ಗುಬ್ಬಿಗೆ ಹೋಗಿದ್ದೆವು. ಬಂಧುಗಳ ಮನೆಯಲ್ಲಿ ಊಟವನ್ನು ತೀರಿಸಿಕೊಂಡು ಹೊರಡುವ ವೇಳೆಗೆ ಗಾಡಿಯ ಹೊತ್ತು ಸಮೀಪಿಸಿತ್ತು. ಸುತ್ತಿನ ದಾರಿಯನ್ನು ಬಿಟ್ಟು, ಹುಡುಗನ ಕೈಹಿಡಿದು, ಹಳಿಗಳನ್ನು ದಾಟಿಯೇ ನಿಲ್ದಾಣವನ್ನು ಸೇರಿದೆವು. ಅಲ್ಲಿದ್ದ ಹಲಗೆಯೊಂದನ್ನು ಅವನು ಅಕ್ಷರ ಕೂಡಿಸಿ ಓದಿ, “ತಾತ, ಟ್ರೆಸ್‌ಪಾಸ್ ಅಂದರೆ ಏನು?” ಎಂದು ಕೇಳಿದನು. ಮೂವತ್ತು ವರ್ಷಕ್ಕೂ ಮೇಲಾಗಿ ಮಕ್ಕಳಿಗೆ ಶಬ್ದಾರ್ಥವನ್ನು ಹೇಳಿಕೊಟ್ಟ ನಮಗೆ ಆಗ ಉತ್ತರವು ಬಾಯಿಗೆ ಬರಲಿಲ್ಲ. ಆ ಶಬ್ದದ ಅರ್ಥವನ್ನು ಅದೇ ತಾನೆ ನಾವು ಕಾಲಿನಿಂದ ಮಾಡಿ ತೋರಿಸಿದ್ದೆವು.

ಮನೆಗೆ ಬಂದ ಮೇಲೆ ಅವನಿಗೆ ಹೇಳಿದುದನ್ನೇ ವಾಚಕರ ಮುಂದೆಯೂ ಇಡುತ್ತೇವೆ. ಇದು ಇಂಗ್ಲಿಷಿನಲ್ಲಿಯೇ ಹುಟ್ಟಿದ ಶಬ್ದವಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಅಲ್ಲಿಯ ನ್ಯಾಯಸ್ಥಾನಗಳಲ್ಲಿ ಕ್ರಮೇಣ ಫ್ರೆಂಚ್ ಭಾಷೆಯು ಬಳಕೆಗೆ ಬಂದಿತು. ಆ ದಾರಿಯಿಂದ ಬಂದ ಶಬ್ದಗಳಲ್ಲಿ ಇದೂ ಒಂದು. ಇದರ ಮೂಲವು ಲ್ಯಾಟಿನ್ನಿನಲ್ಲಿದೆ. ‘ಟ್ರಾನ್ಸ್’ ಎಂದರೆ ಆಚೆಗೆ, ‘ಪಾಸುಸ್’ ಎಂದರೆ ಹೆಜ್ಜೆ. ಎರಡನ್ನೂ ಕೂಡಿಸಿದರೆ ಆಚೆಗೆ ಹೆಜ್ಜೆಯಿಡುವುದು ಎಂದಾಗುವುದು. ‘ಟ್ರಾನ್ಸ್‌ಗ್ರೆಸ್’ ಎಂಬ ಶಬ್ದದ ಹುಟ್ಟೂ ಹೀಗೆಯೇ.

ಸಂಸ್ಕೃತವನ್ನು ಬಲ್ಲವರಿಗೆ ಇಲ್ಲಿ ‘ಅತಿಕ್ರಮ’ವು ನೆನಪಾಗದಿರದು. ‘ಅತಿ’ ಎಂದರೆ ಮೀರಿ, ‘ಕ್ರಮ್’ ಧಾತುವಿಗೆ ಹೆಜ್ಜೆಯಿಡುವುದೆಂದು ಅರ್ಥ. ಮೂರು ಹೆಜ್ಜೆಯಿಟ್ಟ ವಾಮನನು ತ್ರಿವಿಕ್ರಮನಾದುದು ಈ ಧಾತುವಿನಿಂದಲೇ. ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ನಡೆಯುವುದು ‘ಕ್ರಮ’. ಅದನ್ನು ದಾಟಿ ಕಾಲಿಡುವುದು ‘ಅತಿಕ್ರಮ’. ‘ಉಲ್ಲಂಘನೆ’ ಎಂಬಲ್ಲಿಯಾದರೋ ಹೆಜ್ಜೆಗೆ ಬದಲಾಗಿ ನೆಗೆತವಿದೆ. ಆಂಜನೇಯನದು ಸಮುದ್ರೋಲ್ಲಂಘನ, ವಿಜಯದಶಮಿಯಂದು ಮಾಡತಕ್ಕದ್ದು ಸೀಮೋಲ್ಲಂಘನ. ಆದುದರಿಂದ ದಾಟುವುದೆಲ್ಲವೂ ದೋಷವೆಂದು ಹೇಳಲಾಗದು.

ಇನ್ನೊಂದು ವಿಷಯವು ನಮ್ಮನ್ನು ಚಿಂತೆಗೆ ಹಚ್ಚಿತು. ಟ್ರೆಸ್‌ಪಾಸಿನ ಮೂಲವಾದ ಶಬ್ದವು ಇಂದಿನ ಫ್ರೆಂಚಿನಲ್ಲಿ ‘ಟ್ರೆಪಾಸೇ’ ಎಂದಾಗಿ ಉಳಿದಿದೆ. ಅದರ ಅರ್ಥವು ಸಾಯುವುದು! ನಮ್ಮಲ್ಲಿಯೂ ‘ಅತ್ಯಯ’ ಎಂಬ ಒಂದೇ ಶಬ್ದಕ್ಕೆ ಅತಿಕ್ರಮವೆಂದೂ ಅಪಾಯವೆಂದೂ ಮರಣವೆಂದೂ ಅರ್ಥಗಳುಂಟು. ಹಳಿಯನ್ನು ದಾಟುವಾಗ ಹುಡುಗನ ಕೈಯು ನಮ್ಮ ಕೈಯಲ್ಲಿತ್ತೆಂಬುದನ್ನು ನೆನೆದು ಆ ರಾತ್ರಿ ನಮಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಕಾನೂನಿನ ಮಾತನ್ನೂ ಗೃಹಸ್ಥರು ತಿಳಿದಿರಬೇಕು. 1860ರ ಭಾರತೀಯ ದಂಡಸಂಹಿತೆಯ 441ನೆಯ ಕಲಮಿನಲ್ಲಿ ಅಪರಾಧಿಕ ಅತಿಕ್ರಮ ಪ್ರವೇಶದ ಲಕ್ಷಣವನ್ನು ಹೇಳಿತ್ತು. 2024ನೆಯ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮು ಬಂದಿದೆ. ಅಪರಾಧವೆಸಗುವ, ಬೆದರಿಸುವ, ಅವಮಾನಿಸುವ ಅಥವಾ ಪೀಡಿಸುವ ಉದ್ದೇಶವಿದ್ದರೆ ಮಾತ್ರ ಅಲ್ಲಿ ಅಪರಾಧವು. 1989ರ ರೈಲ್ವೆ ಕಾಯಿದೆಯ 147ನೆಯ ಕಲಮಾದರೋ ಅಂತಹ ದುರುದ್ದೇಶವನ್ನು ಕೇಳುವುದಿಲ್ಲ. ಅಧಿಕಾರವಿಲ್ಲದೆ ಪ್ರವೇಶಿಸಿದರೆ ಸಾಕು, ಆರು ತಿಂಗಳವರೆಗೆ ಸೆರೆಯನ್ನಾಗಲಿ 1000 ರೂಪಾಯಿಗಳವರೆಗೆ ಜುಲ್ಮಾನೆಯನ್ನಾಗಲಿ ವಿಧಿಸಬಹುದು. ರೈಲು ನಮ್ಮ ಉದ್ದೇಶವನ್ನು ನೋಡಿ ನಿಲ್ಲುವುದಿಲ್ಲವಷ್ಟೆ!

ಕನ್ನಡವು ಈ ವಿಚಾರವನ್ನು ಬೇರೊಂದು ಬಗೆಯಿಂದ ನೋಡಿದೆ. ನಿಯಮಕ್ಕೆ ನಾವು ಕಟ್ಟಳೆಯೆನ್ನುವೆವು, ಕಟ್ಟುಪಾಡೆನ್ನುವೆವು. ಎರಡರಲ್ಲಿಯೂ ಇರುವುದು ‘ಕಟ್ಟು’. ಕಟ್ಟಳೆಯನ್ನು ‘ಮೀರುವುದು’ ಎಂಬ ಮಾತನ್ನು ಕೇಳಿದಾಗ ಜನಪದರು ಹಾಡಿ ಹೊಗಳಿದ ಕುಣಿಗಲ್ ಕೆರೆಯು ನಮ್ಮ ಕಣ್ಣಿಗೆ ಕಟ್ಟುತ್ತದೆ. ಏರಿಯನ್ನು ಕಟ್ಟಿದವರು ಹೆಚ್ಚಿದ ನೀರಿಗೆ ಕೋಡಿಯನ್ನೂ ಬಿಡುವರು. ಕೋಡಿಯ ಮೇಲೆ ನೀರು ಹರಿದರೆ ಊರವರು ಹಿಗ್ಗುವರು, ಏರಿಯು ಒಡೆದರೆ ಗೋಳಾಡುವರು. ಮೀರಿದ ನೀರು ಒಂದೇ, ಹೋದ ದಾರಿಯು ಬೇರೆ.

1938ನೆಯ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ, ಸರ್ಕಾರದ ನಿಷೇಧವಿದ್ದರೂ, ಟಿ. ಸಿದ್ಧಲಿಂಗಯ್ಯನವರೇ ಮೊದಲಾದವರು ತ್ರಿವರ್ಣಧ್ವಜವನ್ನೆತ್ತಿ ಬಂಧನಕ್ಕೊಳಗಾದರು. ಅವರೂ ಆಜ್ಞೆಯನ್ನು ಮೀರಿದವರೇ. ಆದರೆ ಎಲ್ಲರೆದುರಿಗೆ, ನಾಡಿಗಾಗಿ, ಬರುವ ಶಿಕ್ಷೆಗೆ ತಲೆಯೊಡ್ಡಿ ಮೀರಿದರು. ನಾವು ಗುಬ್ಬಿಯಲ್ಲಿ ಮೀರಿದುದು ಯಾರೂ ನೋಡದಿರಲೆಂದು ಆಚೀಚೆ ಕಣ್ಣು ಹಾಯಿಸುತ್ತ, ಹತ್ತು ನಿಮಿಷದ ನಡಿಗೆಯನ್ನು ಉಳಿಸಿಕೊಳ್ಳುವುದಕ್ಕಾಗಿ.

ಇದೆಲ್ಲವನ್ನೂ ಕೇಳಿದ ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ತಾತ, ಅವತ್ತು ನಾವು ಮಾಡಿದ್ದು ತಪ್ಪು ತಾನೆ?” ಎಂದನು. “ತಪ್ಪೇ ಮಗು, ನನ್ನದೇ ತಪ್ಪು” ಎಂದೆವು. ಮೊನ್ನೆ ಮತ್ತೆ ಗುಬ್ಬಿಗೆ ಹೋಗಿದ್ದಾಗ ಸುತ್ತಿನ ದಾರಿಯಲ್ಲಿಯೇ ನಡೆದೆವು. ಗಾಡಿಯು ತಪ್ಪಿತು. ಮುಂದಿನ ಗಾಡಿಗಾಗಿ ಇಬ್ಬರೂ ಕಡಲೆಕಾಯಿ ತಿನ್ನುತ್ತ ಕುಳಿತೆವು.